ಬಣ್ಣ ಬಯಲು ಬಳಗ

ಕನ್ನಡಕದ ಅಂಗಡಿ ಸಾಹುಕಾರರಿಗೆ ಈ ಲೋಕದಲ್ಲಿ ಶತ್ರು ಅಂತ ಇದ್ದದ್ದು ಒಂದೇ ಒಂದು. ಅದು ಅವರ ಮನೆಯ ಗೇಟು.

(ಸಾಹುಕಾರರು ಅಂದ ಮಾತ್ರಕ್ಕೆ ತಿಜೋರಿ, ಕಾರು, ಆಳುಕಾಳುಗಳನ್ನೆಲ್ಲ ಊಹಿಸಿಕೊಳ್ಳಬೇಡಿ. ಒಂದು ಗಾಜಿನ ಕಪಾಟು, ಎರಡು ಕನ್ನಡಿ, ದೊಡ್ಡ ಅಕ್ಷರದಿಂದ ಸಣ್ಣ ಅಕ್ಷರಕ್ಕೆ ಇಳಿಯುವ ಒಂದು ಬೋರ್ಡು, ಇಷ್ಟೇ ಅಂಗಡಿ. ಗಿರಾಕಿಗಳು ಪ್ರೀತಿಯಿಂದ ಕೊಟ್ಟ ಬಿರುದನ್ನು ಬೇಡ ಅನ್ನುವುದು ಸೌಜನ್ಯವಲ್ಲ ಅಂತ ಅವರು ಇಟ್ಟುಕೊಂಡಿದ್ದರು.)

ಗೇಟಿಗೆ ಬಣ್ಣ ಹಚ್ಚಿ ಎಷ್ಟು ಕಾಲವಾಗಿತ್ತೆಂದರೆ, ಮೊದಲು ಅದಕ್ಕೆ ಯಾವ ಬಣ್ಣವಿತ್ತು ಎಂಬ ಬಗ್ಗೆ ಗಂಡ ಹೆಂಡತಿಯಲ್ಲಿ ಒಮ್ಮತವಿರಲಿಲ್ಲ. ತೆರೆದರೆ ಕಿರ್ರೋ ಎನ್ನುತ್ತಿತ್ತು, ಮುಚ್ಚಿದರೆ ಕರ್ರೋ ಎನ್ನುತ್ತಿತ್ತು. ಬಂದ ನೆಂಟರು ಹೋಗುವಾಗ ತೋಳಿನ ಮೇಲೆ, ಬೆನ್ನಿನ ಮೇಲೆ ತುಕ್ಕಿನ ಗುರುತು ಹೊತ್ತುಕೊಂಡೇ ಹೋಗುತ್ತಿದ್ದರು. ಪ್ರತಿ ಬೇಸಗೆಯಲ್ಲೂ ಹೆಂಡತಿ ಬಣ್ಣದ ಡಬ್ಬವನ್ನೂ ಬ್ರಷ್ಷನ್ನೂ ತಂದು ಗಂಡನ ಚಪ್ಪಲಿಯ ಪಕ್ಕದಲ್ಲಿ ಇಡುತ್ತಿದ್ದಳು. ಪ್ರತಿ ಬೇಸಗೆಯಲ್ಲೂ ಸಾಹುಕಾರರು ಅದನ್ನು ದಾಟಿಕೊಂಡು ಚಪ್ಪಲಿ ಮೆಟ್ಟುತ್ತಿದ್ದರು.

"ರೀ, ಪಕ್ಕದ ಮನೆ ಅಜ್ಜಿ ಇವತ್ತು ಏನಂದ್ರು ಗೊತ್ತಾ? ನೀವು ಮೊನ್ನೆ ಕೊಟ್ಟ ಹೊಸ ಕನ್ನಡಕ ಹಾಕ್ಕೊಂಡ ಮೇಲೆ ಮೊದಲು ಕಣ್ಣಿಗೆ ಬಿದ್ದಿದ್ದೇ ನಮ್ಮ ಗೇಟಂತೆ. 'ಇಷ್ಟು ದಿನ ಕಾಣ್ಸದೆ ಇದ್ದಿದ್ದೇ ಚೆನ್ನಾಗಿತ್ತು ಕಣಮ್ಮ' ಅಂದ್ರು."

"ನೋಡಿದ್ಯಾ! ನನ್ನ ಕನ್ನಡಕ ಅಂದ್ರೆ ಹಾಗೆ. ಗ್ಯಾರಂಟಿ."

"ಕನ್ನಡಕದ ಮಾತಲ್ಲ ರೀ, ಗೇಟಿನ ಮಾತು. ಈ ಭಾನುವಾರ ಹಚ್ತೀರೋ ಇಲ್ವೋ?"

ಭಾನುವಾರ! ವಾರವಿಡೀ ಊರಿನವರ ಮೂಗಿನ ಅಳತೆ ತೆಗೆದು ಸುಸ್ತಾದ ಸಾಹುಕಾರರಿಗೆ ಮಲಗಲು ಸಿಗುತ್ತಿದ್ದದ್ದು ಅದೊಂದು ದಿನ. ಅದನ್ನು ಗೇಟಿಗೆ ಬಲಿ ಕೊಡುವುದು ಅವರಿಂದ ಸಾಧ್ಯವೇ ಇರಲಿಲ್ಲ. ಈ ಸಂಕಟದಲ್ಲಿರುವಾಗಲೇ ನಿವೃತ್ತ ಡ್ರಾಯಿಂಗ್ ಮೇಷ್ಟರು ಕನ್ನಡಕದ ಕಡ್ಡಿ ಮುರಿದುಕೊಂಡು ಅಂಗಡಿಗೆ ಬಂದರು.

ಮೇಷ್ಟರು ಊರಿನ ಚಿತ್ರ ಬಿಡಿಸುವ ಹವ್ಯಾಸಿಗಳನ್ನೆಲ್ಲ ಸೇರಿಸಿ ಒಂದು ಸಂಘ ಕಟ್ಟಿದ್ದರು. ಬೇಸಗೆಯ ಭಾನುವಾರಗಳಲ್ಲಿ ಎಲ್ಲರೂ ಕಾಗದ, ಬಣ್ಣ, ಮಡಚುವ ಸ್ಟೂಲು ಹೊತ್ತುಕೊಂಡು ಊರಾಚೆ ಹೋಗಿ, ಬಯಲಿನಲ್ಲೇ ಕೂತು ಚಿತ್ರ ಬರೆಯಬೇಕು. ಸಾಹುಕಾರರು ಕಡ್ಡಿ ಜೋಡಿಸುತ್ತಾ ಅರ್ಧ ಕಿವಿಯಲ್ಲಿ ಕೇಳುತ್ತಿದ್ದರು. "ಹೊಳೆ ದಂಡೆ, ತಣ್ಣಗೆ ಗಾಳಿ, ದೊಡ್ಡ ದೊಡ್ಡ ಮರದ ನೆರಳು, ಒಂದು ಸದ್ದಿಲ್ಲ" ಎಂದು ಮೇಷ್ಟರು ಹೇಳಿದಾಗ ಉಳಿದರ್ಧ ಕಿವಿಯೂ ತೆರೆಯಿತು. ಚಿತ್ರದ ವಿಷಯ ಸಾಹುಕಾರರ ಮನಸ್ಸಿಗೆ ಹೋಗಲೇ ಇಲ್ಲ. ನೆರಳು ಹೋಯಿತು, ಗಾಳಿ ಹೋಯಿತು, ಆ ನೆರಳಿನಲ್ಲಿ ಹಾಸಬಹುದಾದ ಒಂದು ಚಾಪೆಯೂ ಹೋಯಿತು.

ಅಂದು ಸಂಜೆ ಊಟಕ್ಕೆ ಕೂತಾಗ ಅವರು ಗಂಟಲು ಸರಿಮಾಡಿಕೊಂಡು ಘೋಷಿಸಿದರು. "ನೋಡೇ, ನಾನು ಕಲಾರಾಧನೆಗೆ ತೊಡಗೋಣ ಅಂತ ತೀರ್ಮಾನಿಸಿದ್ದೀನಿ. ಭಾನುವಾರ ಭಾನುವಾರ ಬಯಲು ಚಿತ್ರ. ಬಣ್ಣ ಬಯಲು ಬಳಗ ಅಂತ ಸಂಘದ ಹೆಸರು."

ಹೆಂಡತಿ ಸೌಟು ಹಿಡಿದುಕೊಂಡೇ ನಕ್ಕಳು. ನಕ್ಕು ನಕ್ಕು ಕಣ್ಣೊರೆಸಿಕೊಂಡಳು. "ಬಣ್ಣ ಬಯಲು? ಆ ಹೆಸರಿಟ್ಟ ಮಹಾನುಭಾವರು ಯಾರು ರೀ? ಸೇರೋಕೆ ಮುಂಚೆನೇ ಹೇಳಿಬಿಟ್ಟಿದಾರಲ್ಲ!"

"ಬಣ್ಣ, ಬಯಲು. ಎರಡೂ ಬೇರೆ ಬೇರೆ. ಮಧ್ಯದಲ್ಲಿ ಒಂದು ಗೆರೆ ಇದೆ."

"ನೀವು ಪೆನ್ಸಿಲ್ ಹಿಡಿದಿದ್ದನ್ನ ನಾನು ನೋಡಿರೋದು ಕಿವಿ ಕೆರೆದುಕೊಳ್ಳೋಕೆ ಮಾತ್ರ. ಆಗ್ಲಿ, ಹೋಗಿ. ಆದ್ರೆ ಪ್ರತಿ ಸಲ ಮನೆಗೆ ಒಂದು ಚಿತ್ರ ಬರಬೇಕು. ಯಾವ ಭಾನುವಾರ ಚಿತ್ರ ಬರಲ್ವೋ, ಅದರ ಮುಂದಿನ ಭಾನುವಾರ ಗೇಟು. ಒಪ್ಪಿಗೆನಾ?"

ಒಂದು ಚಿತ್ರ ತಾನೇ, ಎರಡು ಗೆರೆ ಎಳೆದರಾಯಿತು ಅಂದುಕೊಂಡು ಸಾಹುಕಾರರು ಒಪ್ಪಿದರು. ಚಿತ್ರಕ್ಕೆ ಎರಡು ಗೆರೆ ಸಾಲುವುದಿಲ್ಲ ಎಂಬುದು ಅವರಿಗೆ ಹೊಳೆ ದಂಡೆಯಲ್ಲಿ ತಿಳಿಯಿತು.

ಮೊದಲ ದಿನ ಅವರು ಪ್ರಾಮಾಣಿಕವಾಗಿಯೇ ಪೆನ್ಸಿಲಿನಲ್ಲಿ ಒಂದು ಮರ ಬರೆದರು. ಮೇಷ್ಟರು ಹಿಂದೆ ಬಂದು ನಿಂತು, ಕತ್ತು ವಾರೆ ಮಾಡಿ ನೋಡಿ, "ಛತ್ರಿ ಚೆನ್ನಾಗಿ ಬಂದಿದೆ" ಎಂದು ಬೆನ್ನು ತಟ್ಟಿ ಮುಂದೆ ಹೋದರು. ಸಾಹುಕಾರರ ಕಲಾಜೀವನ ಅಲ್ಲಿಗೆ ಮುಗಿಯಿತು. ಚಾಪೆ ಹಾಸಿದರು, ಮುಖದ ಮೇಲೆ ಟೋಪಿ ಇಟ್ಟುಕೊಂಡರು, ಮಲಗಿದರು. ಆಹಾ, ಅಂಥ ನಿದ್ದೆ ಅವರ ಜನ್ಮದಲ್ಲಿ ಬಂದಿರಲಿಲ್ಲ.

ಎದ್ದಾಗ ಹೊರಡುವ ಹೊತ್ತು. ಎಲ್ಲರೂ ಬ್ರಷ್ಷು ತೊಳೆಯುತ್ತಿದ್ದಾರೆ. ಸಾಹುಕಾರರ ಕೈಯಲ್ಲಿ ಛತ್ರಿ ಬಿಟ್ಟರೆ ಬೇರೇನೂ ಇಲ್ಲ. ಕಣ್ಣ ಮುಂದೆ ಗೇಟು ಬಂದು ಕಿರ್ರೋ ಅಂದಿತು. ಪಕ್ಕಕ್ಕೆ ತಿರುಗಿ ನೋಡಿದರೆ, ದುಂಡು ದುಂಡಾಗಿದ್ದ ಒಬ್ಬರು ಸೊಗಸಾದ ಚಿತ್ರವೊಂದನ್ನು ತೊಡೆಯ ಮೇಲಿಟ್ಟುಕೊಂಡು, ತಮ್ಮ ಊಟದ ಡಬ್ಬಿಯೊಳಗೆ ಬಗ್ಗಿ ನೋಡಿ ನಿಟ್ಟುಸಿರು ಬಿಡುತ್ತಿದ್ದರು. ಡಬ್ಬಿಯಲ್ಲಿ ಹೆಚ್ಚಿದ ಸೌತೆಕಾಯಿ ಇತ್ತು. ಸೌತೆಕಾಯಿ ಬಿಟ್ಟರೆ ಸೌತೆಕಾಯಿ.

ಅವರು ದನದ ಡಾಕ್ಟರು. ತೂಕ ಜಾಸ್ತಿಯಾಯಿತೆಂದು ಹೆಂಡತಿ ಅವರನ್ನು ಪಥ್ಯಕ್ಕೆ ಹಾಕಿದ್ದಳು. "ನಾನು ಜಾನುವಾರುಗಳಿಗೆ ಹೇಳೋ ಮೇವನ್ನ ನನಗೇ ಹಾಕ್ತಾ ಇದ್ದಾಳೆ ಸ್ವಾಮಿ" ಅಂದರು ಡಾಕ್ಟರು, ಸಾಹುಕಾರರ ಡಬ್ಬಿಯ ಕಡೆಗೆ ಮೂಗು ಅರಳಿಸುತ್ತಾ. "ನಿಮ್ಮದರಲ್ಲಿ ಏನೋ ಕರಿದದ್ದು ಇದ್ದ ಹಾಗಿದೆ?"

ಇಬ್ಬರು ನೊಂದ ಗಂಡಂದಿರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಹೆಚ್ಚು ಮಾತು ಬೇಕಾಗಲಿಲ್ಲ. ಡಬ್ಬಿ ಆ ಕಡೆ ಹೋಯಿತು, ಚಿತ್ರ ಈ ಕಡೆ ಬಂತು. ಒಂದೇ ತೊಡಕು ಡಬ್ಬಿಯ ಮುಚ್ಚಳದ್ದು. ಅದು ಎಳೆದರೆ ಬರುವ ಜಾತಿಯದಲ್ಲ. ಡಬ್ಬಿಯನ್ನು ಮಂಡಿಗೆ ಆನಿಸಿ, ಎಡ ಮಗ್ಗುಲಿಗೆ ಅಂಗೈಯಿಂದ ಒಂದು ಗುದ್ದು ಕೊಟ್ಟು, ಮುಚ್ಚಳವನ್ನು ಹಿಂದಕ್ಕೆ ತಿರುಗಿಸಬೇಕು. ಮನೆಯವರಿಗೆ ಬಿಟ್ಟು ಬೇರೆಯವರಿಗೆ ಬಗ್ಗದ ಆ ವಿದ್ಯೆಯನ್ನು ಸಾಹುಕಾರರು ಡಾಕ್ಟರಿಗೆ ಧಾರೆ ಎರೆದರು. ಚಿತ್ರದ ಮೂಲೆಯಲ್ಲಿ ಸಹಿ ಹಾಕಿದರು. ಸಹಿ ಮಾತ್ರ ಅವರ ಸ್ವಂತ ಕೃತಿ.

ಮನೆಯಲ್ಲಿ ಹೆಂಡತಿ ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಹೊಳೆ, ಆಚೆ ದಡ, ಹುಲ್ಲು, ಹುಲ್ಲಿನ ನಡುವೆ ಒಂದು ಹಸು.

"ರೀ... ಇದನ್ನ ನೀವು ಬರೆದ್ರಾ?"

"ಮತ್ತೆ? ಬಯಲಲ್ಲಿ ಬಿದ್ದಿತ್ತಾ?"

"ನಿಮ್ಮ ಕೈಯಲ್ಲಿ ಇಂಥದ್ದೊಂದು ಇದೆ ಅಂತ ಇಷ್ಟು ವರ್ಷ ನನಗೆ ಗೊತ್ತೇ ಆಗ್ಲಿಲ್ವಲ್ಲ." ಅವಳ ದನಿಯಲ್ಲಿ ತಮಾಷೆ ಇರಲಿಲ್ಲ. ಆಮೇಲೆ ಸ್ವಲ್ಪ ಹತ್ತಿರಕ್ಕೆ ಹಿಡಿದು ನೋಡಿ, "ಆದ್ರೆ ಈ ಹಸು ಯಾಕೆ ನಮಗೆ ಬೆನ್ನು ಹಾಕಿ ನಿಂತಿದೆ?" ಅಂದಳು.

ಸಾಹುಕಾರರು ಆಗಲೇ ಮೊದಲ ಸಲ ಚಿತ್ರವನ್ನು ಸರಿಯಾಗಿ ನೋಡಿದ್ದು. ಹೌದು, ಹಸುವಿನ ಹಿಂಭಾಗವೇ. ಬಾಲ, ಎರಡು ಸೊಂಟದ ಮೂಳೆ, ಎಲ್ಲ ಕಣ್ಣಿಗೆ ಕಟ್ಟುವ ಹಾಗೆ. ಪಾಪ, ಡಾಕ್ಟರಿಗೆ ವೃತ್ತಿಯಲ್ಲಿ ಹಸುವಿನ ಪರಿಚಯವಿದ್ದದ್ದು ಹೆಚ್ಚಾಗಿ ಆ ಕಡೆಯಿಂದಲೇ.

"ಅದು ಕಲೆ ಕಣೇ. ಹಸು ಮುಂದಕ್ಕೆ ನೋಡ್ತಾ ಇದೆ. ಅಂದ್ರೆ ಭವಿಷ್ಯ. ನಾವು ನೋಡೋರು ಹಿಂದೆ ಉಳಿದಿದ್ದೀವಿ. ಅಂದ್ರೆ ಭೂತಕಾಲ."

"ನಡುವೆ ಬಾಲ. ಅಂದ್ರೆ ವರ್ತಮಾನ?"

"ಹಾಂ! ನಿಂಗೂ ಅರ್ಥ ಆಗುತ್ತೆ ನೋಡು."

ಚಿತ್ರ ಕಟ್ಟು ಹಾಕಿಸಿಕೊಂಡು ಹಜಾರದ ಗೋಡೆ ಏರಿತು. ಮುಂದಿನ ವಾರ ಇನ್ನೊಂದು ಬಂತು, ಅದರ ಮುಂದಿನ ವಾರ ಮತ್ತೊಂದು. ಗುಡ್ಡ ಬಂತು, ಹಳೇ ಸೇತುವೆ ಬಂತು, ಮುರುಕು ಗಿರಣಿ ಬಂತು. ಎಲ್ಲದರಲ್ಲೂ ಒಂದು ಹಸು ಭವಿಷ್ಯದ ಕಡೆಗೆ ಮುಖ ಮಾಡಿ ನಿಂತಿತ್ತು. ಪಕ್ಕದ ಮನೆ ಅಜ್ಜಿ ಹೊಸ ಕನ್ನಡಕ ಏರಿಸಿಕೊಂಡು ಬಂದು ಒಂದೊಂದನ್ನೂ ಪರೀಕ್ಷಿಸಿ, "ಎಲ್ಲ ಒಳ್ಳೇ ಜಾತಿ ಹಸುಗಳೇ" ಎಂದು ತೀರ್ಪು ಕೊಟ್ಟು ಹೋದರು. ಹೆಂಡತಿ ಓಣಿಯವರನ್ನೆಲ್ಲ ಕರೆಕರೆದು ತೋರಿಸಿದಳು. ತರಕಾರಿಯವನು ಕೂಡ ತಕ್ಕಡಿ ಕೆಳಗಿಟ್ಟು ಒಳಗೆ ಬಂದು ನೋಡಿದ.

ಕಲಾವಿದನಿಗೆ ಮನೆಯಲ್ಲಿ ಮರ್ಯಾದೆ ಏರಿತು. ಊಟದ ಡಬ್ಬಿಗೆ ಇನ್ನೊಂದು ಅಂತಸ್ತು ಏರಿತು. ಒಂದು ದಿನ ಅವಳೇ ಬಣ್ಣದ ಡಬ್ಬವನ್ನು ಚಪ್ಪಲಿಯ ಪಕ್ಕದಿಂದ ಎತ್ತಿ ಅಟ್ಟಕ್ಕೆ ಹಾಕಿ, "ಇಂಥ ಕೈಯನ್ನ ತುಕ್ಕಿಗೆ ಹಾಕ್ಬಾರ್ದು ರೀ. ಗೇಟು ಹೆಂಗಾದ್ರೂ ಇರ್ಲಿ" ಅಂದಳು. ಸಾಹುಕಾರರ ಜೀವಮಾನದ ಗೆಲುವು ಅದು. ಆದರೆ ಅಂದು ಊಟಕ್ಕೆ ಅವರು ಯಾಕೋ ಗೋಡೆಯ ಹಸುಗಳಿಗೆ ಬೆನ್ನು ಹಾಕಿ ಕೂತರು. ಬೈದರೆ ತಡೆದುಕೊಳ್ಳಬಹುದು, ನಂಬಿಬಿಟ್ಟರೆ ಏನು ಮಾಡುವುದು? ಹೇಳಿಬಿಡೋಣ ಅಂತ ಬಾಯಿ ತೆರೆದರು. ಅಷ್ಟರಲ್ಲಿ ಅವಳು ಅವರ ಬ್ರಷ್ಷುಗಳಿಗೆಂದು ತಾನೇ ಹೊಲಿದ ಬಟ್ಟೆಯ ಚೀಲ ತಂದು ಕೈಗಿಟ್ಟಳು. ತೆರೆದ ಬಾಯಿಗೆ ಒಂದು ತುತ್ತು ತುರುಕಿಕೊಂಡರು.

ಇನ್ನೊಂದು ಸಂಗತಿಯನ್ನೂ ಅವರು ಗಮನಿಸಬೇಕಿತ್ತು, ಗಮನಿಸಲಿಲ್ಲ. ಮಧ್ಯಾಹ್ನದ ಹೊತ್ತು ಅವಳು ಆ ಚಿತ್ರಗಳ ಮುಂದೆ ತುಂಬಾ ಹೊತ್ತು ನಿಲ್ಲುತ್ತಿದ್ದಳು. ಒಮ್ಮೆ, "ಈ ಸೇತುವೆ ಕೆಳಗೆ ನೆರಳು ಇನ್ನೂ ಗಾಢ ಬೇಕಿತ್ತು ಅಲ್ವಾ?" ಅಂತಲೂ ಕೇಳಿದ್ದಳು. ಸಾಹುಕಾರರು ಆಕಳಿಸಿ, "ಅದೆಲ್ಲ ನಿಂಗೆ ತಿಳಿಯಲ್ಲ" ಅಂದಿದ್ದರು.

ಬೇಸಗೆ ಮುಗಿಯುತ್ತಾ ಬಂದಾಗ ಮೇಷ್ಟರು ಸೀದಾ ಮನೆಗೇ ಬಂದು ಬಿಟ್ಟರು. ಗೇಟಿನ ತುಕ್ಕನ್ನು ತೋಳಿನಿಂದ ಕೊಡವಿಕೊಳ್ಳುತ್ತಾ, "ಅಮ್ಮಾ, ಈ ಭಾನುವಾರ ಕೊನೇ ಬಯಲು. ಸಂಸಾರ ಸಮೇತ ಎಲ್ಲರೂ ಬರಬೇಕು" ಅಂದರು. ಸಾಹುಕಾರರ ಮುಖದ ಬಣ್ಣ ಹಾರಿತು. ಅವರ ಅದೃಷ್ಟ, ಮೇಷ್ಟರು ಕನ್ನಡಕವನ್ನು ಅಂದು ಅಂಗಡಿಯಲ್ಲೇ ರಿಪೇರಿಗೆ ಬಿಟ್ಟಿದ್ದರು. ಗೋಡೆಯ ಮೇಲಿನ ಹಸುಗಳು ಅವರಿಗೆ ಕಾಣಲಿಲ್ಲ.

ಭಾನುವಾರ ಬೆಳಗ್ಗೆ ಸಾಹುಕಾರರು ತಲೆನೋವು ಅಂದರು. ಹೆಂಡತಿ ಮುಲಾಮು ಹಚ್ಚಿದಳು. ಹೊಟ್ಟೆನೋವು ಅಂದರು. ಕಷಾಯ ಕುಡಿಸಿದಳು. ಕಾಲು ಉಳುಕಿದೆ ಅನ್ನಬೇಕೆಂದಿದ್ದರು, ಆದರೆ ಆ ಕಷಾಯದ ರುಚಿ ಇನ್ನೂ ನಾಲಿಗೆಯ ಮೇಲಿತ್ತು. ಎದ್ದು ಹೊರಟರು.

ಹೊಳೆ ದಂಡೆಯಲ್ಲಿ ಹೆಂಗಸರ ಗುಂಪು ಒಂದು ಮರದಡಿ ಸೇರಿತು. ಸಾಹುಕಾರರು ಡಾಕ್ಟರಿಗೆ ಕಣ್ಣು ಮಿಟುಕಿಸಿದರು, ಹುಬ್ಬು ಹಾರಿಸಿದರು, ಕೆಮ್ಮಿದರು. ಡಾಕ್ಟರು ಆಗಲೇ ಹಸುವೊಂದರ ಹಿಂಭಾಗದಲ್ಲಿ ಮೈಮರೆತಿದ್ದರು. ಇತ್ತ ಡಾಕ್ಟರ ಹೆಂಡತಿ ಸಾಹುಕಾರರ ಹೆಂಡತಿಯ ಹತ್ತಿರ ಕಷ್ಟ ಸುಖ ತೋಡಿಕೊಳ್ಳುತ್ತಿದ್ದಳು.

"ಏನು ಹೇಳ್ಲಿ ಅಕ್ಕಾ, ಬರೀ ಸೌತೆಕಾಯಿ ಕೊಟ್ಟು ಕಳಿಸ್ತೀನಿ. ಆದ್ರೂ ಬೇಸಗೇಲಿ ಪ್ಯಾಂಟು ಬಿಗಿಯಾಗಿದೆ. ಬಯಲು ಗಾಳಿ ಮೈಗೆ ಹತ್ತಿದೆ ಅಂತಾರೆ."

"ಚಿತ್ರಗಳು ಹೆಂಗೆ ಬರೀತಾರೆ?"

"ಒಂದೂ ಮನೆಗೆ ತಂದಿಲ್ಲ. ಚೆನ್ನಾಗಿ ಬರ್ಲಿಲ್ಲ, ಹರಿದು ಹಾಕ್ದೆ ಅಂತಾರೆ."

"ಪಾಪ. ನಮ್ಮೋರದ್ದು ಗೋಡೆ ತುಂಬಾ ಇವೆ. ನಿಮ್ಮೋರಿಗೆ ಯಾವ ಆಸ್ಪತ್ರೆ?"

"ಯಾವ ಆಸ್ಪತ್ರೆ ಅಂತೀರಿ, ಕೊಟ್ಟಿಗೆನೇ ಆಸ್ಪತ್ರೆ. ದನದ ಡಾಕ್ಟರು ಅಲ್ವಾ."

ಸಾಹುಕಾರರ ಹೆಂಡತಿಯ ಕಣ್ಣು ನಿಧಾನವಾಗಿ ಡಾಕ್ಟರ ಕಡೆಗೆ ಹೋಯಿತು, ಅವರ ತೊಡೆಯ ಮೇಲಿದ್ದ ಕಾಗದಕ್ಕೆ ಹೋಯಿತು. ಸರಿಯಾಗಿ ಅದೇ ಹೊತ್ತಿಗೆ ಡಾಕ್ಟರಿಗೆ ಹಸಿವಾಯಿತು. ಬ್ರಷ್ಷು ಕೆಳಗಿಟ್ಟು, ಕಣ್ಣನ್ನು ಚಿತ್ರದಿಂದ ಕದಲಿಸದೆ, ರೂಢಿಯಂತೆ ಎಡಗಡೆಗೆ ಕೈ ಚಾಚಿ ಸಾಹುಕಾರರ ಡಬ್ಬಿ ಎತ್ತಿಕೊಂಡರು. ಮಂಡಿಗೆ ಆನಿಸಿದರು. ಎಡ ಮಗ್ಗುಲಿಗೆ ಅಂಗೈಯಿಂದ ಒಂದು ಗುದ್ದು. ಮುಚ್ಚಳ ಹಿಂದಕ್ಕೆ ತಿರುಗಿ ಟಪ್ ಎಂದು ಬಿಚ್ಚಿಕೊಂಡಿತು.

"ಇವತ್ತು ಖಾರ ಸ್ವಲ್ಪ ಕಮ್ಮಿ ಕಣ್ರೀ ಸಾಹುಕಾರ್ರೇ" ಅಂದರು, ಒಂದು ತುಂಡು ಬಾಯಿಗೆ ಹಾಕಿಕೊಂಡು.

ಸೌತೆಕಾಯಿ ಡಬ್ಬಿ ಹಿಡಿದುಕೊಂಡೇ ಡಾಕ್ಟರ ಹೆಂಡತಿ ಎದ್ದು ನಿಂತಳು. ಸಾಹುಕಾರರ ಹೆಂಡತಿ ಕೂತಲ್ಲಿಂದಲೇ, ಮೆತ್ತಗೆ, "ಬಣ್ಣ ಬಯಲು. ಹೆಸರು ಸರಿಯಾಗೇ ಇಟ್ಟಿದ್ದಾರೆ" ಅಂದಳು.

ಕೂಗಾಡಿದ್ದರೆ ಸಾಹುಕಾರರು ಬದುಕಿಕೊಳ್ಳುತ್ತಿದ್ದರು. ಅವಳು ಎದ್ದು ಬಂದು, ತಾನು ಹೊಲಿದ ಚೀಲದಿಂದ ಬ್ರಷ್ಷು ತೆಗೆದು (ಒಂದು ಬೇಸಗೆಯೆಲ್ಲ ಕಳೆದರೂ ಅದರ ಕೂದಲಿಗೆ ಹನಿ ಬಣ್ಣ ತಾಗಿರಲಿಲ್ಲ) ಗಂಡನ ಕೈಗೆ ಕೊಟ್ಟು, "ಬರೀರಿ, ನೋಡ್ತೀನಿ" ಅಂದಳು. ಸಾಹುಕಾರರು ಬೆವರು ಒರೆಸಿಕೊಳ್ಳುತ್ತಾ ಬರೆದರು. ಸಂಘವೆಲ್ಲ ಸುತ್ತ ನಿಂತಿತು. ಮೇಷ್ಟರು ಕತ್ತು ವಾರೆ ಮಾಡಿ, "ಛತ್ರಿ ಮೊದಲಿನಷ್ಟೇ ಚೆನ್ನಾಗಿದೆ" ಅಂದರು. ಅದು ಹಸುವಾಗಿತ್ತು.

ಆಗ ಅವಳು ಬ್ರಷ್ಷನ್ನು ಅವರ ಕೈಯಿಂದ ತೆಗೆದುಕೊಂಡು, ಹೊಸ ಹಾಳೆ ಹಾಸಿ, ಸ್ಟೂಲಿನ ಮೇಲೆ ಕೂತಳು. ಹೊಳೆ ಬಂತು. ಸೇತುವೆ ಬಂತು. ಸೇತುವೆಯ ಕೆಳಗಿನ ನೆರಳು, ಎಷ್ಟು ಗಾಢ ಬೇಕೋ ಅಷ್ಟೇ ಗಾಢವಾಗಿ ಬಂತು. ಚಿಕ್ಕಂದಿನಲ್ಲಿ ನೆಲ, ಗೋಡೆ, ಪಾಠದ ಪುಸ್ತಕ ಒಂದನ್ನೂ ಬಿಡದೆ ಚಿತ್ರ ಬರೆದು ಬೈಸಿಕೊಂಡವಳಂತೆ ಅವಳು. ಇಷ್ಟು ವರ್ಷ ಜೊತೆಗಿದ್ದ ಸಾಹುಕಾರರಿಗೆ ಅದು ಗೊತ್ತಾದದ್ದು ಆಗಲೇ, ಅದೂ ಅವಳು ಮೇಷ್ಟರಿಗೆ ಹೇಳುವಾಗ.

"ಇಷ್ಟು ದಿನ ಎಲ್ಲಿದ್ರಿ ತಾಯಿ?" ಅಂದರು ಮೇಷ್ಟರು.

"ಅಡುಗೆಮನೇಲಿ. ನಿಮ್ಮ ಡಾಕ್ಟರಿಗೆ ಡಬ್ಬಿ ಕಟ್ತಾ ಇದ್ದೆ."

ಮನೆಗೆ ಬಂದಾಗ ಅವಳು ಗೇಟಿನ ಹತ್ತಿರ ನಿಂತು ಹೇಳಿದಳು. "ಗೇಟಿಗೆ ಹಚ್ಚದೆ ಇದ್ದಿದ್ದಕ್ಕೆ ನನಗೆ ಬೇಜಾರಿಲ್ಲ ರೀ. ಆದ್ರೆ ತರಕಾರಿಯವನನ್ನೂ ಬಿಡದೆ ಒಳಗೆ ಕರೆದು ತೋರಿಸಿದ್ನಲ್ಲ. ನನ್ನ ಗಂಡ ಬರೆದಿದ್ದು, ನನ್ನ ಗಂಡ ಬರೆದಿದ್ದು ಅಂತ."

ಸಾಹುಕಾರರಿಗೆ ನಿಜವಾಗಿ ನಾಚಿಕೆಯಾಯಿತು. ಇಷ್ಟು ನಾಚಿಕೆ ಅವರಿಗೆ ಜನ್ಮದಲ್ಲಿ ಆಗಿರಲಿಲ್ಲ. ಯಾರೂ ಹೇಳದೆ ಅಟ್ಟ ಹತ್ತಿ, ಬಣ್ಣದ ಡಬ್ಬ ಇಳಿಸಿ, ತಾವೇ ತಮ್ಮ ಚಪ್ಪಲಿಯ ಪಕ್ಕದಲ್ಲಿ ಇಟ್ಟುಕೊಂಡರು. ಅದನ್ನು ನೋಡಿ ಅವಳ ತುಟಿ ಸ್ವಲ್ಪ ಸಡಿಲವಾಯಿತು.

ಸಡಿಲವಾಯಿತು ಅಂತ ಸಾಹುಕಾರರು ಹಗುರಾದದ್ದೇ ತಪ್ಪು. ಮುಂದಿನ ಭಾನುವಾರ ಬೆಳಗ್ಗೆ ಅವರು ಹಳೇ ಬನಿಯನ್ ತೊಟ್ಟು, ಗೇಟಿನ ಮುಂದೆ ಕುಕ್ಕರುಗಾಲಲ್ಲಿ ಕೂತು ತುಕ್ಕು ಉಜ್ಜುತ್ತಿದ್ದಾಗ ಹಿಂದೆ ಏನೋ ಗಲಗಲ ಸದ್ದಾಯಿತು. ತಿರುಗಿ ನೋಡಿದರೆ ಬಣ್ಣ ಬಯಲು ಬಳಗಕ್ಕೆ ಬಳಗವೇ ಎದುರು ಬದಿಯ ನೆರಳಿನಲ್ಲಿ ಸ್ಟೂಲು ಬಿಚ್ಚುತ್ತಿದೆ! ನಡುವೆ ಹೊಸ ಸದಸ್ಯೆ, ಸಾಹುಕಾರರ ಹೆಂಡತಿ, ಬಟ್ಟೆಯ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾಳೆ.

"ಹೊಸ ಸದಸ್ಯರಿಗೋಸ್ಕರ ಇನ್ನೊಂದು ಬಯಲು, ಜಾಗ ಅವರೇ ಆರಿಸಿದರು" ಅಂದರು ಮೇಷ್ಟರು ಸಂಭ್ರಮದಿಂದ. "ದುಡಿಮೆಯ ಚಿತ್ರ ಬೇಕಂತೆ. ತಿರುಗಬೇಡಿ ಸಾಹುಕಾರ್ರೇ, ಆ ಭಂಗಿ ಹಾಗೇ ಇರ್ಲಿ!"

"ಮಂಡಿ ನೋಯ್ತಿದೆ ಮೇಷ್ಟ್ರೇ!"

"ನೋವು ಬೆನ್ನಲ್ಲಿ ಚೆನ್ನಾಗಿ ಕಾಣ್ತಿದೆ ರೀ, ಹಾಗೇ ಇಟ್ಕೊಳ್ಳಿ" ಅಂತ ಹೆಂಡತಿಯ ದನಿ ಬಂತು. ಊಟದ ಹೊತ್ತಿಗೆ ಡಾಕ್ಟರ ಹೆಂಡತಿ ಎರಡು ಡಬ್ಬಿ ತಂದಳು. ಒಂದು ಡಾಕ್ಟರಿಗೆ, ಒಂದು ಸಾಹುಕಾರರಿಗೆ. ಎರಡರಲ್ಲೂ ಸೌತೆಕಾಯಿ ಇತ್ತು.

ಗೇಟು ಹೊಳೆಯತೊಡಗಿತು. ಹಸುಗಳು ಗೋಡೆಯಿಂದಿಳಿದು, ಸಹಿ ಅಳಿಸಿಕೊಂಡು, ಡಾಕ್ಟರ ಮನೆ ಸೇರಿದವು. ಅವುಗಳ ಜಾಗದಲ್ಲಿ ಒಂದೇ ಒಂದು ದೊಡ್ಡ ಚಿತ್ರ ಬಂತು: ಹಿಂದಿನಿಂದ ಕಂಡ ಸಾಹುಕಾರರು, ಗೇಟಿನ ಮುಂದೆ. ಬಂದವರೆಲ್ಲ ಹೊಗಳಿದರು. ಸಾಹುಕಾರರಿಗೂ ಒಳಗೊಳಗೇ ಹೆಮ್ಮೆ. ಏನಾದರಾಗಲಿ, ಹೆಂಡತಿ ಇಷ್ಟು ಶ್ರದ್ಧೆಯಿಂದ ತಮ್ಮನ್ನು ಹಿಂದೆಂದೂ ನೋಡಿರಲಿಲ್ಲವಲ್ಲ! ತರಕಾರಿಯವನನ್ನು ತಾವೇ ಒಳಗೆ ಕರೆದು, "ನನ್ನ ಹೆಂಡತಿ ಬರೆದಿದ್ದು" ಅಂತ ತೋರಿಸಿದರು.

ಸಂಜೆ ಪಕ್ಕದ ಮನೆ ಅಜ್ಜಿ ಬಂದರು. ಚಿತ್ರದ ಮುಂದೆ ನಿಂತು, ಕನ್ನಡಕ ಮೂಗಿನ ಮೇಲಕ್ಕೆ ಒತ್ತಿಕೊಂಡು, ಮೇಲಿಂದ ಕೆಳಗೆ ನೋಡಿದರು.

"ಚೆನ್ನಾಗಿದೆ ಕಣಮ್ಮ. ಆ ಹಳೇವಕ್ಕಿಂತ ಇದು ಒಳ್ಳೇ ಮೈ ಕೈ ತುಂಬ್ಕೊಂಡಿದೆ."

"ಅಜ್ಜೀ, ಕನ್ನಡಕ ಒಂದ್ಸಲ ಒರೆಸ್ಕೊಂಡು ನೋಡಿ" ಅಂದರು ಸಾಹುಕಾರರು ಗಾಬರಿಯಾಗಿ.

ಅಜ್ಜಿ ಕನ್ನಡಕ ತೆಗೆದು, ಎರಡೂ ಕಡೆ ಒರೆಸಿ, ಹಾಕಿಕೊಂಡು ಇನ್ನೊಮ್ಮೆ ನೋಡಿದರು.

"ಯಾಕಪ್ಪಾ, ನೀನೇ ಗ್ಯಾರಂಟಿ ಅಂತ ಕೊಟ್ಟ ಕನ್ನಡಕ. ಕೂದಲೆಳೆ ಕೂಡ ಸ್ಪಷ್ಟವಾಗಿ ಕಾಣ್ಸುತ್ತೆ. ಅದಿರ್ಲಿ, ಅದ್ಯಾಕೆ ಗೇಟು ನೆಕ್ತಾ ಇದೆ?"